ಐದು ಮನೆಯ ಪದಗಳು

ವಿಜಯಪುರದಿಂದ ತಿಕೋಟಾಕ್ಕೆ ಹೋಗುವ ಬಸ್ಸಿನಲ್ಲಿ ಬೆಳಿಗ್ಗೆ ಸೀಟು ಸಿಕ್ಕರೆ ಪುಣ್ಯ, ಸಿಗದಿದ್ದರೆ ಅದೇ ದಿನಚರಿ. ಕೂತಿರಲಿ, ನಿಂತಿರಲಿ, ನಾನು ಮೊಬೈಲಿನಲ್ಲಿ ಒಂದು ಆಟ ಆಡುತ್ತೇನೆ. ಅದರಲ್ಲಿ ಐದು ಮನೆಗಳು. ಅವುಗಳೊಳಗೆ ಐದಕ್ಷರದ ಒಂದು ಇಂಗ್ಲಿಷ್ ಪದ ಅಡಗಿರುತ್ತದೆ. ನಾವೊಂದು ಪದ ಹಾಕಿ ನೋಡಬೇಕು. ಅಕ್ಷರ ತನ್ನ ಮನೆಯಲ್ಲೇ ಬಿದ್ದರೆ ಹಸಿರು, ಪದದಲ್ಲಿದ್ದೂ ಬೇರೆ ಮನೆಯದಾಗಿದ್ದರೆ ಹಳದಿ, ಇಲ್ಲವೇ ಇಲ್ಲವೆಂದರೆ ಬೂದು. ಹೀಗೆ ತಡವರಿಸುತ್ತ ಪದವನ್ನು ಹಿಡಿಯಬೇಕು. ನಾನು ತಿಕೋಟಾದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಇಂಗ್ಲಿಷ್ ನನ್ನ ವಿಷಯವಲ್ಲ, ಆದರೆ ಸೋಲು ನನಗೆ ಆಗಿಬರುವುದಿಲ್ಲ. ಪದ ಸಿಗದ ದಿನ ತರಗತಿಯಲ್ಲಿ ಮಕ್ಕಳಿಗೆ ಬೈಗುಳ ತುಸು ಹೆಚ್ಚು.

ಅಂಥದೊಂದು ದಿನ ಸಂಜೆ ಮನೆಗೆ ಬಂದೆ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವ್ವ, ಅಪ್ಪ ಇಬ್ಬರೂ ನಮ್ಮ ಜೊತೆಗೇ ವಿಜಯಪುರದಲ್ಲಿ ಇದ್ದಾರೆ. ನಾನು ಕಟ್ಟೆಗೆ ಒರಗಿ ಮೊಬೈಲ್ ದಿಟ್ಟಿಸುವುದನ್ನು ನೋಡಿ ಅವ್ವ ಕೇಳಿದಳು.

"ಏನ ಹುಡಕಾಕತ್ತಿ, ಮಾರಿ ಗಂಟ ಹಾಕ್ಕೊಂಡು?"

"ಐದಕ್ಷರದ್ದೊಂದ ಇಂಗ್ಲಿಷ್ ಪದ ಬೇ. ಎರಡನೇದು ಓ, ಕಡೀಕ ಟಿ, ಎಚ್. ನಿನಗ ತಿಳಿಯೂದಿಲ್ಲ ಬಿಡು."

ಅವ್ವ ಕೈ ನಿಲ್ಲಿಸಲಿಲ್ಲ. ರೊಟ್ಟಿಯನ್ನು ತಿರುವುತ್ತಲೇ ಶುರು ಮಾಡಿದಳು: "ನಾರ್ತ್, ಸೌತ್, ಮೌತ್, ಟೂತ್, ಮಂತ್, ಯೂತ್, ವರ್ತ್. ಸಾಕೇನ, ಇನ್ನೂ ಬೇಕ?"

ನಾನು ದಂಗಾಗಿ ನಿಂತೆ. ಬಸ್ಸು, ಲೈಟು, ಟೊಮೆಟೊ ಬಿಟ್ಟರೆ ಅವ್ವನ ಬಾಯಲ್ಲಿ ಇಂಗ್ಲಿಷ್ ಕೇಳಿದವಳಲ್ಲ ನಾನು. ಒಂದೊಂದನ್ನೂ ಬೆರಳು ಮಡಚಿ ಎಣಿಸಿ ನೋಡಿದೆ. ಎಲ್ಲವೂ ಐದೇ ಅಕ್ಷರ, ಎಲ್ಲದರಲ್ಲೂ ಓ ತನ್ನ ಜಾಗದಲ್ಲೇ ಕೂತಿತ್ತು.

ಅವ್ವನ ತವರು ಬಬಲೇಶ್ವರ. ಅವಳ ಅಪ್ಪ ಸಾಲಿ ಮಾಸ್ತರರು. ಸಂಜೆ ಊಟಕ್ಕೆ ಮುಂಚೆ ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ, ನಾಲ್ಕಕ್ಷರ, ನಡುವೆ ಎರಡು ಓ, ಎಂದು ಕೊಡುತ್ತಿದ್ದರಂತೆ. ಬುಕ್, ಮೂನ್, ರೂಮ್ ಎಂದು ಹೇಳಿದವರಿಗೆ ಊಟದ ಗಂಗಾಳ. ಹೇಳದವರು ಉಳಿದವರ ಊಟ ನೋಡುತ್ತ ಕೂರಬೇಕು. ಅವ್ವನಿಗೆ ಹಸಿವು ತಡೆಯುತ್ತಿರಲಿಲ್ಲವಂತೆ, ಅದಕ್ಕೇ ಎಲ್ಲರಿಗಿಂತ ಮೊದಲು ಕಲಿತಳು. ಪದಗಳ ಅರ್ಥ ಕೇಳಿದರೆ ಮಾಸ್ತರರದು ಒಂದೇ ಉತ್ತರ: "ಮೊದಲ ಕಾಳ ತುಂಬ್ಕೊಳ್ರಿ, ಬೀಸೂದು ಆಮ್ಯಾಲೆ." ಬೀಸುವ ಮುಂಚೆಯೇ ಅವ್ವನಿಗೆ ಮದುವೆಯಾಯಿತು. ತಿಕೋಟಾದ ಒಣದ್ರಾಕ್ಷಿ ವ್ಯಾಪಾರದ ಮನೆಯಲ್ಲಿ ಆ ಪದಗಳನ್ನು ಕೇಳುವವರು ಯಾರು? ಇಷ್ಟು ವರ್ಷ ಅವು ಹಾಗೇ ಅವಳೊಳಗೆ ಇದ್ದವು, ಹುಳ ಹಿಡಿಯದೆ.

ಅಂದಿನಿಂದ ಸಂಜೆ ನನ್ನ ಮೊಬೈಲು ಅವ್ವನ ಕೈಗೆ ಹೋಯಿತು. ಅವಳ ಮೊದಲ ಪದ ಯಾವಾಗಲೂ ಗ್ರೇಪ್, ದ್ರಾಕ್ಷಿ. ಅದಕ್ಕಿಂತ ಒಳ್ಳೆಯ ಪದಗಳಿವೆ ಎಂದು ನಾನು ಎಷ್ಟು ಲೆಕ್ಕ ಕೊಟ್ಟರೂ ಕೇಳಲಿಲ್ಲ. "ನಮ್ಮನ್ನ ಸಾಕಿದ್ದು ಅದ. ಬ್ಯಾರೇದನ್ನ ಮೊದಲ ಹಾಕಿದ್ರ ಹೆಂಗ?" ಎನ್ನುತ್ತಿದ್ದಳು. ಆಟದ ಸದ್ದಿಗೆ ಅಪ್ಪನೂ ಬಂದು ಪಕ್ಕದಲ್ಲಿ ಕೂರುತ್ತಿದ್ದ. ಒಣದ್ರಾಕ್ಷಿಗೆ ಇಂಗ್ಲಿಷಿನಲ್ಲಿ ಆರು ಅಕ್ಷರ ಎಂದು ಅವ್ವ ಹೇಳಿದಾಗ ಅಪ್ಪ ಬಿದ್ದು ಬಿದ್ದು ನಕ್ಕ. "ಒಣಗಿಸಿದ್ರ ತೂಕ ಕಮ್ಮಿ ಆಗತೈತಿ, ಅಕ್ಷರ ಜಾಸ್ತಿ ಆಗತಾವು. ಇದ್ಯಾವ ಸೀಮಿ ವ್ಯಾಪಾರ?"

ಆಮೇಲೆ ಅವ್ವನಿಗೆ ಮರೆವು ಬಂತು. ಮೊದಲು ಪಲ್ಯಕ್ಕೆ ಎರಡು ಸಲ ಉಪ್ಪು. ಆಮೇಲೆ ಇವತ್ತು ಯಾವ ವಾರ ಎಂಬುದು. ಆಮೇಲೆ ನಾವಿರುವುದು ಯಾವ ಊರು ಎಂಬುದು. ಹೊನವಾಡದ ತನ್ನ ತಂಗಿ ಬಂದು ಎದುರಿಗೆ ಕೂತರೆ, ಚಹಾ ಕೊಟ್ಟು, "ಯಾವೂರವರ್ರಿ ನೀವು?" ಎಂದು ವಿಚಾರಿಸಿದಳು. ಕೆಲವು ದಿನ ನನಗೂ ಬಹುವಚನ. ಆದರೆ ಮೊಬೈಲು ಕೊಟ್ಟರೆ ಪದಗಳು ಸಾಲುಹಿಡಿದು ಬರುತ್ತಿದ್ದವು. ತಂಗಿಯ ಮುಖ ಅಳಿಸಿಹೋದ ತಲೆಯಲ್ಲಿ ಟೂತ್ ಎಂಬುದು ಗಟ್ಟಿಯಾಗಿ ನಿಂತಿತ್ತು. ಇಷ್ಟು ವರ್ಷ ಮಿದುಳಿನ ಚಿತ್ರ ಬರೆದು ಭಾಗ ಗುರುತಿಸುವುದನ್ನು ಮಕ್ಕಳಿಗೆ ಕಲಿಸಿದವಳು ನಾನು. ಅವ್ವನ ಮುಂದೆ ಕೂತಾಗ ನನಗೆ ಏನೂ ಗೊತ್ತಿಲ್ಲ ಎನಿಸುತ್ತಿತ್ತು. ಹೆದರಿಕೆಯೂ ಆಗುತ್ತಿತ್ತು, ಕೈ ಮುಗಿಯಬೇಕೆಂದೂ ಅನಿಸುತ್ತಿತ್ತು.

ಸ್ಟೇಷನ್ ರಸ್ತೆಯ ಹತ್ತಿರ ಒಬ್ಬ ಡಾಕ್ಟರಮ್ಮನ ಬಳಿ ತೋರಿಸಿದೆವು. ದಕ್ಷಿಣದ ಕಡೆಯಿಂದ ಬಂದ ಹುಡುಗಿ, ಮಾತು ಬಹಳ ಮೆದು. ವಾರ ಕೇಳಿದಳು, ಊರು ಕೇಳಿದಳು. ಅವ್ವ ತಪ್ಪು ತಪ್ಪಾಗಿ ಏನೇನೋ ಹೇಳಿದಳು. ಕೊನೆಗೆ ಡಾಕ್ಟರು ಪಕ್ಕದಲ್ಲಿ ಕೂತಿದ್ದ ಅಪ್ಪನನ್ನು ತೋರಿಸಿ, "ಅಮ್ಮಾ, ಇವರು ಯಾರು?" ಎಂದಳು.

"ನಮ್ಮ ಮನ್ಯಾವರು."

"ಅವರ ಹೆಸರೇನು?"

ಡಾಕ್ಟರು ಮತ್ತೆ ಕೇಳಿದಳು. ಅವ್ವ ಸೆರಗನ್ನು ಮುಂದಕ್ಕೆ ಎಳೆದುಕೊಂಡು ಗೋಡೆಯ ಕಡೆ ನೋಡಿದಳು. ಡಾಕ್ಟರು ಏನೋ ಬರೆದುಕೊಂಡು, ಮುಂದಿನ ದಿನಗಳಿಗೆ ಮನೆಯವರೂ ಮನಸ್ಸು ಗಟ್ಟಿಮಾಡಿಕೊಳ್ಳಬೇಕು ಎಂದಳು.

ಹೊರಗೆ ಬಂದ ಮೇಲೆ ಅಪ್ಪ ನನ್ನ ಕಡೆ ತಿರುಗದೆ ಕೇಳಿದ. "ನನ್ನ ಹೆಸರೂ ಹೋತೇನ?"

ನಾನು ಕೈ ಬೀಸಿ ಆಟೋ ನಿಲ್ಲಿಸಿದೆ. ಮನೆಗೆ ಬಂದ ಮೇಲೆ ಅಪ್ಪನಿಗೆ ಅದೇ ಗೀಳಾಯಿತು. ಎದ್ದ ಕೂಡಲೇ, "ನನ್ನ ಹೆಸರ ಹೇಳು ನೋಡೂಣು." ಊಟಕ್ಕೆ ಕೂತಾಗ, "ಏ ಇಕಿ, ಒಮ್ಮೆ ಹೇಳು." ಅವ್ವ ಪ್ರತಿಸಲವೂ ಮುಖ ತಿರುಗಿಸಿ ಎದ್ದುಹೋಗುತ್ತಿದ್ದಳು. ಒಂದು ದಿನ ನಾನು ರೇಗಿ, "ಯಪ್ಪಾ, ಯಾಕ ಆಕೀನ ಗೋಳಾಡಸ್ತಿ, ಬಿಡು," ಎಂದೆ. "ಮಂದಿನೆಲ್ಲ ಮರೀಲಿ. ನಾ ಒಬ್ಬಾಂವ ಉಳೀತೀನಿ ಅಂತ ತಿಳ್ಕೊಂಡಿದ್ನಿ," ಎಂದ. ಸಂತೆಯಲ್ಲಿ ದಲಾಲರ ಜೊತೆ ಗಂಟಲು ಹರಿದು ಜಗಳಾಡುತ್ತಿದ್ದ ಮನುಷ್ಯ ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಅವತ್ತೇ ಕೇಳಿದ್ದು.

ಅದೇ ಸಂಜೆ, ಮನೆಯ ಮಂಕು ಕಳೆಯಲೆಂದು, ಅವ್ವನ ಕೈಗೆ ಆಟ ಕೊಟ್ಟೆ. ಅಪ್ಪ ಎದುರಿನ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದ. ಅವ್ವ ಗ್ರೇಪ್ ಹಾಕಲಿಲ್ಲ. ನಿಧಾನವಾಗಿ ಒಂದೊಂದೇ ಅಕ್ಷರ ಒತ್ತಿದಳು, ಐದೂ ಮನೆ ತುಂಬಿದವು. ಆಟ ಒಪ್ಪಲಿಲ್ಲ, ಮನೆಗಳು ಅಲುಗಾಡಿದವು, ಈ ಪದ ಪಟ್ಟಿಯಲ್ಲಿಲ್ಲ ಎಂದಿತು. ಅವ್ವ ಅಳಿಸಲೂ ಇಲ್ಲ. ಎದ್ದು ಹೋಗಿ ಮೊಬೈಲನ್ನು ಅಪ್ಪನ ಮುಖದ ಮುಂದೆ ಹಿಡಿದಳು. ಇನ್ನೊಂದು ಕೈಯಿಂದ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಅಪ್ಪನಿಗೆ ಇಂಗ್ಲಿಷ್ ಓದುವುದೆಂದರೆ ದ್ರಾಕ್ಷಿ ಡಬ್ಬಿಯ ಮೇಲಿನ ಅಕ್ಷರಗಳಷ್ಟೇ. ಒಂದೊಂದಾಗಿ ಕೂಡಿಸಿ ಓದಿದ. ಅವನದೇ ಹೆಸರು.

ನಮ್ಮ ಕಡೆ ಹಳೆಯ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮದುವೆ ಮನೆಯಲ್ಲಿ ಬಾಗಿಲು ತಡೆದು ಒತ್ತಾಯಿಸಿದರೆ ಒಡಪು ಕಟ್ಟಿ, ಪ್ರಾಸದ ನಡುವೆ ಸಿಕ್ಕಿಸಿ ಹೇಳಿ ಓಡುತ್ತಾರೆ. ಅವ್ವ ಅಪ್ಪನ ಹೆಸರು ಹೇಳಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ. ಕೇಳದಿರುವುದು ಎಷ್ಟು ರೂಢಿಯಾಗಿತ್ತೆಂದರೆ, ಅದೊಂದು ರೂಢಿ ಎಂಬುದೇ ನನಗೂ ಅಪ್ಪನಿಗೂ ಹೊಳೆದಿರಲಿಲ್ಲ. ಎಲ್ಲವನ್ನೂ ಮರೆಯುತ್ತಿರುವವಳು ಇದನ್ನೂ ಮರೆತಳೆಂದು ಒಂದೇ ದಾರಕ್ಕೆ ಪೋಣಿಸಿಬಿಟ್ಟಿದ್ದೆವು. ಊರು ಹೋಗಿತ್ತು, ವಾರ ಹೋಗಿತ್ತು. ಹೆಸರು ಇತ್ತು, ಅದನ್ನು ಹೇಳಬಾರದೆಂಬುದೂ ಇತ್ತು.

"ಇಷ್ಟ ದಿನ ಕೇಳಿದ್ರೂ ಯಾಕ ಹೇಳಲಿಲ್ಲ ನೀ?" ಎಂದು ಅಪ್ಪ ಕೇಳಿದ.

"ಹೊರಗಿನವರು ಕುಂತಿರತಾರ," ಎಂದು ಅವ್ವ ನನ್ನ ಕಡೆ ಕಣ್ಣು ಮಾಡಿದಳು. "ಈ ಅಕ್ಕೋರ ಮುಂದ ಹೆಂಗ ಹೇಳ್ಲಿ? ನಾಚಿಕಿ ಬ್ಯಾಡೇನ್ರಿ ನಿಮಗ?"

ಸುಳ್ಳೇಕೆ, ನನಗೆ ಚುಚ್ಚಿತು. ಹೆತ್ತ ಮಗಳು ಅವಳಿಗೆ ಸಾಲಿ ಅಕ್ಕೋರಾಗಿ, ಯಾರೋ ಟೀಚರಾಗಿ ಹೋಗಿದ್ದೆ. ಆದರೂ ಎದ್ದು ಒಳಗೆ ಹೋಗಲು ಕಾಲು ಏಳಲಿಲ್ಲ. ಅವ್ವನ ಮುಖವನ್ನೇ ನೋಡುತ್ತ ಕೂತೆ. ಅಪ್ಪನ ಹೆಸರನ್ನು ನಾನೂ ಇಲ್ಲಿ ಬರೆಯುವುದಿಲ್ಲ. ಅವಳು ಇಷ್ಟು ಜತನದಿಂದ ಕಾಯ್ದದ್ದನ್ನು ಬಯಲಿಗಿಡಲು ನಾನು ಯಾರು?

ಅಪ್ಪ ಮೊಬೈಲನ್ನು ಕೈಗೆ ತೆಗೆದುಕೊಂಡು ಬೆರಳಿನಿಂದ ಮನೆಗಳನ್ನು ಎಣಿಸಿದ. ಜೀವಮಾನವೆಲ್ಲ ಕನ್ನಡದಲ್ಲಿ ಸಹಿ ಮಾಡಿದವನು.

"ನನ್ನ ಹೆಸರ ಇಂಗ್ಲಿಷಿನ್ಯಾಗ ಐದಕ್ಷರ ಅಂತ ನನಗ ಗೊತ್ತಿದ್ದಿಲ್ಲ. ನೀ ಯಾವಾಗ ಎಣಿಸಿದಿ?"

ಅವ್ವ ನೆಲ ನೋಡಿ ನಕ್ಕಳು. ಆ ನಗು ನನ್ನ ಅವ್ವನದಾಗಿರಲಿಲ್ಲ, ಬಬಲೇಶ್ವರದ ಹುಡುಗಿಯೊಬ್ಬಳದು.

"ಲಗ್ನ ನಿಶ್ಚೇ ಆದ ದಿನಾನ," ಎಂದಳು.