ವಸಡಿಗೆ ತಿಕ್ಕಿದ ಬೆಲ್ಲ

ಎರಡು ವರ್ಷದ ಹಿಂದಿನ ಶ್ರಾವಣದ ಮೊದಲ ಸೋಮವಾರ. ನಾನು ಹುಮನಾಬಾದಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮಾಸ್ತರ. ಹಿಂದಿನ ಶುಕ್ರವಾರವಷ್ಟೇ ಮಕ್ಕಳಿಗೆ ಆಹಾರದಿಂದ ಮೈಗೆ ಬಲ ಬರುವ ಪಾಠ ಮುಗಿಸಿದ್ದೆ. ರೊಟ್ಟಿಯಲ್ಲಿರುವ ಪಿಷ್ಟ ಕರುಳಿನಲ್ಲಿ ಒಡೆದು ಸಕ್ಕರೆಯಾಗುವುದು, ಅದು ರಕ್ತಕ್ಕೆ ಇಳಿಯುವುದು, ಒಂದೊಂದು ಜೀವಕೋಶದಲ್ಲೂ ಆಮ್ಲಜನಕದ ಜೊತೆ ಸೇರಿ ನಿಧಾನವಾಗಿ ಉರಿದು ಶಕ್ತಿಯಾಗುವುದು, ಎಲ್ಲವನ್ನೂ ಬೋರ್ಡಿನ ತುಂಬ ಚಿತ್ರ ಬರೆದು ಹೇಳಿದ್ದೆ. ಬಹಳ ಚೆನ್ನಾಗಿ ಹೇಳಿದೆ ಎಂಬ ಹೆಮ್ಮೆಯೂ ಇತ್ತು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಅನ್ನುತ್ತಾರೆ. ನಾನು ಆ ದಿನ ಶಾಲೆಗೆ ರಜೆ ಹಾಕಿ, ಬದನೆಕಾಯಿಯನ್ನೂ ತಿನ್ನದೆ ಮನೆ ಬಿಟ್ಟೆ.

ಶ್ರಾವಣ ಸೋಮವಾರ ಉಪವಾಸವಿದ್ದು, ಬಸವಕಲ್ಯಾಣದಿಂದ ನಾರಾಯಣಪುರದ ಶಿವನ ಗುಡಿಗೆ ಬರಿಗಾಲಲ್ಲಿ ನಡೆದು ಹೋಗುವುದು ನಮ್ಮಪ್ಪನ ಕಾಲದಿಂದ ಬಂದ ರೂಢಿ. ಆದರೆ ನನಗೆ ಸಕ್ಕರೆ ಕಾಯಿಲೆ. ಆ ತಿಂಗಳು ಡಾಕ್ಟರು ಗುಳಿಗೆ ಬದಲಿಸಿ, ಊಟದ ಜೊತೆಗೇ ನುಂಗಬೇಕು ಎಂದು ಎರಡೆರಡು ಸಲ ಹೇಳಿದ್ದರು. ನಾನು ಅದನ್ನು ಬರೀ ನೀರಿನಲ್ಲಿ ನುಂಗುವುದನ್ನು ನನ್ನ ಹೆಂಡತಿ ಮಹಾದೇವಿ ನೋಡಿದಳು.

"ಗುಳಿಗಿ ತಗೊಂಡೀರಿ, ಒಂದು ಬಾಳೆಹಣ್ಣರ ತಿನ್ರಿ" ಎಂದಳು.

"ಗುಳಿಗಿ ಔಷಧ, ಊಟ ಅಲ್ಲ. ಅದರಿಂದ ಉಪಾಸ ಮುರಿಯಂಗಿಲ್ಲ" ಎಂದು ಅವಳಿಗೇ ಪಾಠ ಹೇಳಿ ಸ್ಕೂಟರ್ ಹತ್ತಿದೆ.

ಬಸವಕಲ್ಯಾಣದಲ್ಲಿ ಮಹಾದೇವಿಯ ತಮ್ಮನ ಮನೆಯಲ್ಲಿ ಸ್ಕೂಟರ್ ನಿಲ್ಲಿಸಿ, ಚಪ್ಪಲಿ ಬಿಟ್ಟು ನಡೆಯತೊಡಗಿದೆ. ಅರ್ಧ ದಾರಿಗೆ ಮೈ ತಣ್ಣಗೆ ಬೆವರಿತು. ಕೈ ನಡುಗತೊಡಗಿತು, ಎದುರಿನ ಗಿಡ ಎರಡೆರಡಾಗಿ ಕಾಣಿಸಿತು. ಬಿಸಿಲಿರಬೇಕು ಎಂದುಕೊಂಡು ಬೇವಿನ ನೆರಳಲ್ಲಿ ಕುಳಿತೆ. ಆಕಾಶದ ತುಂಬ ಮೋಡವಿತ್ತು ಎಂಬುದೂ ನನಗೆ ಹೊಳೆಯಲಿಲ್ಲ. ಅಷ್ಟರಲ್ಲಿ ಕುರಿಗಳ ಹಿಂಡೊಂದು ಬಂದು ನನ್ನ ಸುತ್ತಲೇ ಮೇಯತೊಡಗಿತು. ಹಿಂದೆ ಕಂಬಳಿ ಹೆಗಲಿಗೆ ಹಾಕಿಕೊಂಡ ಅರವತ್ತರ ಹೆಂಗಸು. ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ಏ, ಕಣ್ಣ ಕಾಣಂಗಿಲ್ಲೇನ ನಿನಗ? ನಿನ್ನ ಕುರಿ ಅತ್ತಾಗ ಹೊಡಿ!" ಎಂದು ಕಿರುಚಿದೆ. ತಾಯಿಯ ವಯಸ್ಸಿನವರಿಗೆ ನಾನು ಹಾಗೆ ಅಂದದ್ದು ಅದೇ ಮೊದಲು. ಮಿದುಳಿಗೆ ಸಕ್ಕರೆ ಸಾಲದಾದಾಗ ಸಿಟ್ಟೂ ಹೀಗೆ ಬರುತ್ತದೆ ಎಂದು ಆಮೇಲೆ ಡಾಕ್ಟರು ಹೇಳಿದರು. ಕಾರಣ ಗೊತ್ತಾದರೂ ನಾಚಿಕೆ ಹೋಗಿಲ್ಲ.

ಆಕೆ ಬೇಸರ ಮಾಡಿಕೊಳ್ಳಲಿಲ್ಲ. ಹತ್ತಿರ ಬಂದು ನನ್ನ ಮುಖ ನೋಡಿ, "ಸಿಟ್ಟ ಆಮ್ಯಾಲ ಮಾಡ್ರಿ ಯಪ್ಪಾ. ಯಾಕ ಹಿಂಗ ನಡುಗಾಕತ್ತೀರಿ? ಏನರ ತಿಂದೀರೇನು?" ಎಂದು ಕೇಳಿದರು. ಉತ್ತರ ಹೇಳುವ ಮೊದಲೇ ನನಗೆ ಕತ್ತಲೆ ಬಂತು.

ಎಚ್ಚರವಾದಾಗ ನಾನು ಮಗ್ಗುಲಾಗಿ ಮಲಗಿದ್ದೆ, ತಲೆಯ ಕೆಳಗೆ ಕಂಬಳಿ. ಆಕೆಯ ಬೆರಳು ನನ್ನ ಕೆನ್ನೆಯ ಒಳಗೆ ವಸಡಿಗೆ ಏನನ್ನೋ ತಿಕ್ಕುತ್ತಿತ್ತು. ಸಿಹಿ! "ಉಪಾಸ... ನಂದು ಉಪಾಸ ಅದ" ಎಂದು ಉಗುಳಲು ಹೋದೆ. ಆಕೆ ನನ್ನ ದವಡೆ ಒತ್ತಿ ಹಿಡಿದರು.

"ಉಗುಳಬ್ಯಾಡ್ರಿ! ಉಗುಳಿದ್ರ ನಿಮ್ಮ ಹೆಣ ಕಾಯ್ಕೋತ ಕುಂದರಬೇಕಾಗ್ತದ ನಾ. ಕುರಿ ಯಾರು ಕಾಯಬೇಕು?"

ನುಂಗಿದೆ. ಇನ್ನೊಂದು ಗೋಲಿಯಷ್ಟು ಬೆಲ್ಲ ಕೊಟ್ಟರು, ಅದನ್ನೂ ಚೀಪಿದೆ. ನೋಡುನೋಡುತ್ತಲೇ ನಡುಕ ಇಳಿಯಿತು. ಎರಡಾಗಿದ್ದ ಗಿಡ ಒಂದಾಯಿತು. ಇಪ್ಪತ್ತು ವರ್ಷ ನಾನು ಬೋರ್ಡಿನ ಮೇಲೆ ಬರೆದದ್ದು ನನ್ನ ಮೈಯೊಳಗೇ ನಡೆಯುತ್ತಿತ್ತು.

"ಇದೆಲ್ಲ ಹ್ಯಾಂಗ ಗೊತ್ತು ಅವ್ವಾ?"

"ಚಳ್ಯಾಗ ಹುಟ್ಟಿದ ಮರಿ ಹಾಲು ಸಿಗಲಾರದೆ ಹಿಂಗೇ ಬೀಳ್ತಾವರಿ. ಬಾಯಾಗ ಹಾಲ ಸುರಿದ್ರ ಉಸಿರು ಕಟ್ಟಿ ಸಾಯ್ತಾವ. ಮೊದ್ಲ ವಸಡಿಗಿ ಬೆಲ್ಲ ತಿಕ್ಕಬೇಕು, ತಲಿ ಎತ್ತಿದ ಮ್ಯಾಲ ಹಾಲು."

ಹುಷಾರಾದೆನಲ್ಲ, ಗುಡಿಗೆ ಹೊರಡೋಣ ಎಂದು ಎದ್ದೆ. ಆಕೆ ಕೈ ಹಿಡಿದು ಕೂಡಿಸಿದರು.

"ಬೆಲ್ಲ ಅಂದ್ರ ಹುಲ್ಲಿನ ಬೆಂಕಿರಿ. ಭಗ್ ಅಂತದ, ಆರ್ತದ. ರೊಟ್ಟಿ ಅಂದ್ರ ಸಗಣಿ ಕುಳ್ಳಿನ ಬೆಂಕಿ, ನಿಧಾನ ಉರಿತದ. ಊರು ಮುಟ್ಟಬೇಕಂದ್ರ ಅದೇ ಬೇಕು."

ಪಿಷ್ಟಕ್ಕೂ ಸಕ್ಕರೆಗೂ ಇರುವ ವ್ಯತ್ಯಾಸ ಹೇಳಲು ನನಗೆ ಒಂದು ಇಡೀ ಪಿರಿಯಡ್ ಬೇಕಾಗಿತ್ತು. ಸಾಲೆಯ ಮೆಟ್ಟಿಲು ಹತ್ತದ ಆಕೆ (ಲಕ್ಕವ್ವ ಎಂಬ ಹೆಸರು ಆಮೇಲೆ ಕೇಳಿ ತಿಳಿದೆ) ಎರಡು ಬೆಂಕಿಯಲ್ಲಿ ಮುಗಿಸಿಬಿಟ್ಟರು. ಆಕೆ ಬುತ್ತಿ ಬಿಚ್ಚಿ, ಅದರಲ್ಲಿದ್ದ ಎರಡೂ ಜೋಳದ ರೊಟ್ಟಿ ಕೊಟ್ಟರು; ಶೇಂಗಾ ಹಿಂಡಿ ಚಟ್ನಿಯ ಜೊತೆ ತಿಂದೆ. ಆಕೆಯೇ ನನ್ನಿಂದ ಫೋನ್ ಮಾಡಿಸಿದರು. ಹೆಂಡತಿಯ ತಮ್ಮ ಬೈಕ್ ತಂದು ನನ್ನನ್ನು ಬಸವಕಲ್ಯಾಣದ ಡಾಕ್ಟರೊಬ್ಬರ ಬಳಿ ಕರೆದೊಯ್ದ.

ಡಾಕ್ಟರು ಎಲ್ಲ ಕೇಳಿ ನನ್ನನ್ನು ಚೆನ್ನಾಗಿ ಬೈದರು. "ಆ ಗುಳಿಗಿ ಇನ್ನೂ ತಾಸುಗಟ್ಟಲೆ ಸಕ್ಕರಿ ಇಳಸ್ತದರಿ. ಬರೇ ಬೆಲ್ಲ ತಿಂದು ನಡದಿದ್ರ ಮುಂದ ಹೋಗಿ ಮತ್ತ ಬೀಳ್ತಿದ್ರಿ. ಆ ರೊಟ್ಟಿ ನಿಮ್ಮನ್ನ ಉಳಿಸ್ಯದ" ಎಂದರು.

ಮುಂದಿನ ಸೋಮವಾರ ಹೊಟ್ಟೆ ತುಂಬ ತಿಂದು, ಗುಳಿಗೆ ನುಂಗಿ, ಮಹಾದೇವಿಯನ್ನು ಕೂರಿಸಿಕೊಂಡು ಅದೇ ದಾರಿಗೆ ಹೋದೆ. ಲಕ್ಕವ್ವ ಕುರಿ ಮೇಯಿಸುತ್ತಿದ್ದರು. ಕಾಲಿಗೆ ಬಿದ್ದು, ಬೈದದ್ದಕ್ಕೆ ಕ್ಷಮಿಸಿ ಎಂದೆ. "ಮರಿ ಒದ್ದರ ಯಾರರ ಸಿಟ್ಟಾಗ್ತಾರೇನ್ರಿ?" ಎಂದು ನಕ್ಕರು.

ಆಗ ಮಹಾದೇವಿ ಒಂದು ಮಾತು ಕೇಳಿದಳು. ವಾರವಿಡೀ ನನ್ನ ತಲೆಗೆ ಬಾರದ ಮಾತು.

"ಅವ್ವಾ, ಬುತ್ತಿ ಎಲ್ಲಾ ಇವರಿಗಿ ಕೊಟ್ರಿ. ಅವತ್ತ ನೀವೇನು ಉಂಡ್ರಿ?"

"ನೀರು ಕುಡದು ಸಂಜಿ ಮಟ ಕುರಿ ಕಾಯ್ದೆರಿ. ಯಪ್ಪಾರು ಎಚ್ಚರಾದ ಕೂಡ್ಲೇ ಉಪಾಸ, ಉಪಾಸ ಅಂತ ಅಳೋ ಮಾರಿ ಮಾಡಿದ್ರು. ಇರಲಿ, ಅವರ ಉಪಾಸ ನಾನೇ ಮಾಡಿದ್ರಾತು ಅಂದೆ. ಶಿವಗ ಯಾರ ಹೊಟ್ಟಿ ಆದ್ರೇನ್ರಿ?"

ಈಗಲೂ ಊಟಕ್ಕೆ ಕುಳಿತಾಗ ಆ ಮಾತು ನೆನಪಾಗಿ ಕೈ ಒಂದು ಕ್ಷಣ ನಿಲ್ಲುತ್ತದೆ. ಆ ದಿನ ನನ್ನ ಮೈಯಲ್ಲಿ ಉರಿದು ನನ್ನನ್ನು ಮನೆ ಮುಟ್ಟಿಸಿದ್ದು ಲಕ್ಕವ್ವನ ಮಧ್ಯಾಹ್ನದ ಊಟ.