ಸೀಮಂತ ಮುಗಿಯಲಿ ಎಂದೆ

ಸೊಸೆಗೆ ಏಳು ತಿಂಗಳಾದಾಗ, ಬಸವೇಶ್ವರನಗರದ ನಮ್ಮ ಮನೆ ಹತ್ತಿರದ ಕ್ಲಿನಿಕ್ಕಿನ ಡಾಕ್ಟರಮ್ಮ ಫ್ಲೂ ಲಸಿಕೆ ಬರೆದುಕೊಟ್ಟರು. ಹುಟ್ಟುವ ಮಗುವಿಗೆ ಆರು ತಿಂಗಳು ತುಂಬುವವರೆಗೆ ಅದನ್ನು ಹಾಕುವಂತಿಲ್ಲ, ಬಸುರಿನಲ್ಲಿ ತಾಯಿ ಹಾಕಿಸಿಕೊಂಡರೆ ಅದರ ರಕ್ಷಣೆ ಮಗುವಿಗೂ ಸಿಗುತ್ತದೆ ಎಂದು ಬಿಡಿಸಿ ಹೇಳಿದರು. ಆಗ ಅರ್ಥವಾಗಲಿಲ್ಲ ಎಂದು ಈಗ ನಾಟಕ ಆಡುವುದಿಲ್ಲ. ಚೆನ್ನಾಗಿಯೇ ಅರ್ಥವಾಗಿತ್ತು.

ಆದರೆ ಸೀಮಂತಕ್ಕೆ ಎರಡೇ ದಿನ ಉಳಿದಿತ್ತು. ಬಳೆಗಾರನಿಗೆ ಹೇಳಿಯಾಗಿತ್ತು. ಹಸಿರು ಸೀರೆ ಉಟ್ಟು ಕೂರಬೇಕಾದ ಹುಡುಗಿ ಇಂಜೆಕ್ಷನ್ನಿನ ಜ್ವರಕ್ಕೆ ಮುಸುಕೆಳೆದು ಮಲಗಿದರೆ ಬಂದ ನೆಂಟರಿಗೆ ಏನು ಹೇಳುವುದು?

"ಸೀಮಂತ ಮುಗೀಲಿ ಕಣಮ್ಮ, ಆಮೇಲೆ ಹಾಕಿಸ್ಕೊಂಡ್ರಾಯ್ತು," ಎಂದೆ.

ಅವಳು ಗಂಡನ ಮುಖ ನೋಡಿದಳು. ನನ್ನ ಮಗರಾಯ ಎಂದಿನಂತೆ ಮೊಬೈಲ್ ನೋಡಿದ. ಚೀಟಿ ನನ್ನ ಬ್ಯಾಗು ಸೇರಿತು.

ಸೀಮಂತ ಜೋರಾಗಿಯೇ ಆಯಿತು. ಮಾರನೆಯ ದಿನ ಅವಳು ಕೆಂಗೇರಿಯ ತವರಿಗೆ ಹೋದಳು. ಒಮ್ಮೆ ಫೋನಿನಲ್ಲಿ ಲಸಿಕೆಯ ಮಾತೆತ್ತಿದಳು. ದಿನ ಹತ್ತಿರ ಬಂತಲ್ಲ, ಇನ್ನೇಕೆ ಎಂದು ನಾನೇ ಬಾಯಿ ಮುಚ್ಚಿಸಿದೆ.

ಮೊಮ್ಮಗಳ ನಾಮಕರಣದ ದಿನ ನನಗೆ ಗಂಟಲು ಕೆರೆತ, ಮೈಕೈ ನೋವು. ಓಡಾಟದ ಸುಸ್ತು ಎಂದುಕೊಂಡೆ. ಮಗುವಿಗೆ ಸೋದರತ್ತೆ ಇಲ್ಲ; ಹಾಗಾಗಿ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ನನ್ನದೇ ಎಂದು ಪಟ್ಟು ಹಿಡಿದೆ. ಆ ಪುಟ್ಟ ಕಿವಿಗೆ ಬಾಯಿ ತಾಗಿಸಿ ಮೂರು ಸಲ ಹೇಳಿದೆ. ಮೂರನೆಯ ದಿನ ಮಗು ಹಾಲು ಕುಡಿಯಲಿಲ್ಲ. ಉಸಿರೆಳೆದಾಗಲೆಲ್ಲ ಪಕ್ಕೆ ಗುಳಿ ಬೀಳುತ್ತಿತ್ತು.

ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿ ಆರು ದಿನ ಇಟ್ಟುಕೊಂಡರು. ಪರೀಕ್ಷೆಯಲ್ಲಿ ಫ್ಲೂ ಎಂದು ಬಂತು. ಬಸುರಿನಲ್ಲಿ ಲಸಿಕೆ ಹಾಕಿಸಿಕೊಂಡಿದ್ದಿರಾ ಎಂದು ಅಲ್ಲಿನ ಡಾಕ್ಟರು ಸೊಸೆಯನ್ನು ಕೇಳಿದರು.

"ಇಲ್ಲ ಸಾರ್, ಮರ್ತುಬಿಟ್ಟೆ," ಎಂದಳು.

ನಾನು ಪಕ್ಕದಲ್ಲೇ ನಿಂತಿದ್ದೆ. ತಪ್ಪು ನನ್ನದು ಎನ್ನಲು ಬಾಯಿ ಬರಲಿಲ್ಲ. ಆ ನಾಚಿಕೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಮಗು ಉಳಿಯಿತು. ಈಗ ಮೂರು ವರ್ಷದ ಅವಳ ಗಲಾಟೆಗೆ ಕೆಳಗಿನ ಬಾಡಿಗೆಯವರೂ ಬೇಸತ್ತಿದ್ದಾರೆ. ಲಸಿಕೆ ಹಾಕಿಸಿದ್ದರೂ ಕಾಯಿಲೆ ಬರುತ್ತಿತ್ತೇನೋ ಎಂದು ಒಮ್ಮೊಮ್ಮೆ ಸಮಾಧಾನ ಮಾಡಿಕೊಳ್ಳುತ್ತೇನೆ. ಆ ಸಮಾಧಾನ ಐದು ನಿಮಿಷ ನಿಲ್ಲುವುದಿಲ್ಲ.

ಸೊಸೆ ಮತ್ತೆ ಬಸುರಿ. ಈ ಸಲ ನಾನೇ ಕರೆದುಕೊಂಡು ಹೋಗಿ ಲಸಿಕೆ ಹಾಕಿಸಬೇಕೆಂದು ಕ್ಯಾಲೆಂಡರಿನಲ್ಲಿ ದಿನ ಗುರುತು ಮಾಡಿದ್ದೆ. ಇವತ್ತು ಬೆಳಿಗ್ಗೆ ಚಪ್ಪಲಿ ಮೆಟ್ಟಿ, ಹೊರಡೋಣ ಬಾ ಎಂದೆ. ಅವಳು ಬಾಗಿಲಲ್ಲೇ ನಿಂತಳು.

"ಹೋದ ವಾರಾನೇ ಹಾಕಿಸ್ಕೊಂಡೆ ಅತ್ತೆ. ನಿಮಗೆ ಹೇಳೋಕೆ ಭಯ ಆಯ್ತು."

ಚಪ್ಪಲಿ ಬಿಟ್ಟು ಒಳಗೆ ಬಂದೆ. ಜ್ವರ ಬಂದಿತ್ತೇ ಎಂದು ಕೇಳಿದೆ. ಬರಲಿಲ್ಲವಂತೆ. ತೋಳು ಒಂದು ದಿನ ನೋಯುತ್ತಿತ್ತಂತೆ, ಅಷ್ಟೇ.