ನಾಲ್ಕನೇ ಲಿಫ್ಟಿನ ಗುಂಡಿ

ಆ ಚಪ್ಪಲಿ ಕೆಳಗೆ ಬಿದ್ದ ಸದ್ದು ನನಗೆ ಈಗಲೂ ಕೇಳುತ್ತದೆ. ಬಟ್ಟೆ ಒಣಹಾಕುವಾಗ ಕೇಳುತ್ತದೆ. ಮೆಟ್ರೋದಲ್ಲಿ ನಿಂತಾಗ ಯಾರದೋ ಚೀಲ ಜಾರಿ ಬಿದ್ದರೂ ಕೇಳುತ್ತದೆ. ನೀಲಿ ಪಟ್ಟಿಯ ರಬ್ಬರ್ ಚಪ್ಪಲಿ. ಲಿಫ್ಟಿನ ಬಾವಿಯ ತಳ ಮುಟ್ಟಿದಾಗ ಅದು ದೊಡ್ಡ ಸದ್ದೇನೂ ಮಾಡಲಿಲ್ಲ. ಆದರೆ ಅದು ಜಾರಿದ ಗಳಿಗೆಗೂ ಸದ್ದು ಬಂದ ಗಳಿಗೆಗೂ ನಡುವೆ ಇದ್ದ ಹೊತ್ತು ನನ್ನೊಳಗೆ ಎಲ್ಲೋ ನಿಂತುಬಿಟ್ಟಿದೆ.

ನಾನು ಮೈಸೂರಿನವಳು. ಹೈದರಾಬಾದಿಗೆ ಬಂದು ಆರು ವರ್ಷವಾಯಿತು. ಅಪಾರ್ಟ್‌ಮೆಂಟುಗಳ ಲಿಫ್ಟುಗಳನ್ನು ದೂರದಿಂದಲೇ ನೋಡಿಕೊಳ್ಳುವ ಒಂದು ಸಣ್ಣ ಕಂಪನಿಯಲ್ಲಿ ಕೆಲಸ. ಲಿಫ್ಟ್ ನಡುವೆ ನಿಂತುಹೋದರೆ ಒಳಗಿದ್ದವರು ಕೆಂಪು ಗುಂಡಿ ಒತ್ತುತ್ತಾರೆ. ಬೇಗಂಪೇಟೆಯಲ್ಲಿರುವ ನಮ್ಮ ಕಂಟ್ರೋಲ್ ರೂಮಿಗೆ ಕರೆ ಬರುತ್ತದೆ. ಅಲ್ಲಿ ಕೂತವರು ಹೇಳಬೇಕಾದ ಮೊದಲ ಮಾತನ್ನು ಗೋಡೆಗೇ ಅಂಟಿಸಿದ್ದೇವೆ: ಒಳಗೇ ಇರಿ, ಇಳಿಯಲು ಹೋಗಬೇಡಿ, ಜನ ಬರುತ್ತಿದ್ದಾರೆ. ಹೆಸರು, ಮಹಡಿ, ಎಷ್ಟು ಜನ ಎಂಬುದೆಲ್ಲ ಆಮೇಲೆ. ಏಕೆಂದರೆ ನಿಂತ ಲಿಫ್ಟು ಯಾರನ್ನೂ ಕೊಲ್ಲುವುದಿಲ್ಲ. ಅದರಿಂದ ಇಳಿಯಲು ಹೋದವರು ಸಾಯುತ್ತಾರೆ.

ಆ ಕರೆ ಹೋಗುವ ದಾರಿಯನ್ನು ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ಚಪ್ಪಲಿ ಬಿದ್ದ ಮಿಯಾಪುರದ ಆ ಕಟ್ಟಡಕ್ಕೆ ಎರಡು ಕಂಪನಿಗಳ ಇಂಟರ್ನೆಟ್ ಲೈನುಗಳಿದ್ದವು. ನಾನು ಕೂರಿಸಿದ್ದ ಒಂದು ಪೆಟ್ಟಿಗೆ ಎರಡರ ಮೇಲೂ ಭಾರ ಹಂಚುತ್ತಿತ್ತು. ಕ್ಯಾಮೆರಾ ಇದರ ಮೇಲೆ, ಈ ಲಿಫ್ಟಿನ ಕರೆ ಅದರ ಮೇಲೆ, ಹೀಗೆ. ಯಾವ ಲೈನು ನಿಧಾನವಾಗಿದೆ ಎಂದು ತಿಳಿಯಲು ಅದು ಸೆಕೆಂಡಿಗೊಮ್ಮೆ ಒಂದು ಪುಟ್ಟ ಸಂದೇಶವನ್ನು ಬೇಗಂಪೇಟೆಗೆ ಅಟ್ಟಿ, ಹೋಗಿ ಬರಲು ಹಿಡಿದ ಹೊತ್ತನ್ನು ಅಳೆಯುತ್ತಿತ್ತು. ಹೊತ್ತು ಕಡಿಮೆಯಿದ್ದರೆ ಪರದೆಯ ಮೇಲೆ ಹಸಿರು, ಹೆಚ್ಚಾದರೆ ಕೆಂಪು. ಕೆಂಪಾದ ಲೈನಿನ ಭಾರವನ್ನು ಇನ್ನೊಂದಕ್ಕೆ ಸರಿಸುತ್ತಿತ್ತು. ನಾನು ಆ ಹಸಿರನ್ನು ನಂಬುತ್ತಿದ್ದೆ.

ಅಂದು ಮಧ್ಯಾಹ್ನ ನಾನು ಅಲ್ಲಿಗೆ ಹೋಗಿದ್ದು ಒಂದು ದೂರಿನ ಮೇಲೆ. ನಾಲ್ಕನೇ ಲಿಫ್ಟಿನಲ್ಲಿ ಗುಂಡಿ ಒತ್ತಿದರೆ ಯಾರೂ ಮಾತಾಡುವುದಿಲ್ಲ ಎಂದು ಕಾವಲುಗಾರ ಎರಡು ಸಲ ಬರೆಸಿದ್ದ. ಆ ಕಟ್ಟಡದಲ್ಲಿ ಮೂರು ಲಿಫ್ಟುಗಳು ಮನೆಯವರಿಗೆ. ಹಿಂಬದಿಯ ನಾಲ್ಕನೆಯದು ಕೆಲಸದವರಿಗೆ, ಗ್ಯಾಸ್ ಸಿಲಿಂಡರಿಗೆ, ಕಸದ ಡ್ರಮ್ಮಿಗೆ. ನಾನು ಮುಂಬದಿಯ ಹಾಲಿನಲ್ಲಿ ಫ್ಯಾನಿನ ಕೆಳಗೆ ಕೂತು ಲ್ಯಾಪ್‌ಟಾಪ್ ತೆರೆದೆ. ಎರಡೂ ಲೈನು ಹಸಿರು. ಹೋಗಿ ಬರಲು ಹನ್ನೊಂದು ಮಿಲಿಸೆಕೆಂಡು. ಮೊದಲನೇ ಲಿಫ್ಟಿನ ಗುಂಡಿ ಒತ್ತಿದೆ, ತಕ್ಷಣ ಕಂಟ್ರೋಲ್ ರೂಮಿನ ನಮ್ಮ ಹುಡುಗಿಯ ದನಿ ಬಂತು. ನಾಲ್ಕನೆಯದರ ಕಡೆಗೂ ಹೋದೆ. ಅದು ಮೇಲೆಲ್ಲೋ ಇತ್ತು. ಬಾಗಿಲ ಮುಂದೆ ಮೂರು ಕಸದ ಡ್ರಮ್ಮುಗಳು ಸರದಿಯಲ್ಲಿದ್ದವು. ವಾಸನೆಗೆ ಮೂಗು ಮುಚ್ಚಿಕೊಂಡು ಹಿಂದಿರುಗಿದೆ.

"ಲೋಪಲ ನುಂಚಿ ನೊಕ್ಕಿ ಚೂಡಂಡಿ ಮೇಡಂ," ಎಂದ ಕಾವಲುಗಾರ. ಒಳಗಿನಿಂದ ಒತ್ತಿ ನೋಡಿ ಎಂದು.

"ಅವಸರಂ ಲೇದು," ಎಂದೆ. ಅಗತ್ಯವಿಲ್ಲ.

'ಪರೀಕ್ಷಿಸಲಾಗಿದೆ, ದೋಷವಿಲ್ಲ' ಎಂದು ಬರೆದು ಸಹಿ ಹಾಕಿ ನಿವಾಸಿಗಳ ಸಂಘದ ಆಫೀಸಿನಲ್ಲಿ ಕೊಟ್ಟೆ.

ಆಫೀಸಿನಿಂದ ಹೊರಬರುವಾಗ ಕರೆಂಟ್ ಹೋಗಿ ಬಂತು. ಐದಾರು ನಿಮಿಷ ಕಳೆದು ಗೇಟಿನ ರಿಜಿಸ್ಟರಿನಲ್ಲಿ ಹೊರಹೋಗುವ ಸಮಯ ಬರೆಯುತ್ತಿದ್ದಾಗ ಹಿಂಬದಿಯಿಂದ ಯಾರೋ ಬಾಗಿಲು ಬಡಿಯುವ ಸದ್ದು. ಕಾವಲುಗಾರ ಕೀಲಿ ಹಿಡಿದು ಓಡಿದ. ನಾನು ರಿಜಿಸ್ಟರಿನಲ್ಲಿ ಸಹಿ ಮುಗಿಸಿದೆನೋ ಇಲ್ಲವೋ ನೆನಪಿಲ್ಲ. ತಡವಾಗಿ ಹೊರಟೆ ಎಂಬುದು ಮಾತ್ರ ನೆನಪಿದೆ.

ನಾಲ್ಕನೇ ಲಿಫ್ಟು ಮೊದಲ ಮಹಡಿಗೂ ಎರಡನೆಯದಕ್ಕೂ ನಡುವೆ ನಿಂತಿತ್ತು. ಕಾವಲುಗಾರ ಮೊದಲ ಮಹಡಿಯ ಬಾಗಿಲನ್ನು ಕೀಲಿಯಿಂದ ತೆಗೆದಿದ್ದ. ಲಿಫ್ಟಿನ ನೆಲ ಅವನ ಎದೆಯ ಮಟ್ಟಕ್ಕಿತ್ತು. ಅದರ ಮೇಲೆ ಒಬ್ಬರು ನುಸುಳುವಷ್ಟು ಸಂದು. ಕೆಳಗೆ ನೆಲಮಾಳಿಗೆಯವರೆಗೂ ಕತ್ತಲೆಯ ಬಾವಿ. ಸಂದಿನ ಅಂಚಿನಲ್ಲಿ ಒಬ್ಬ ಹೆಂಗಸು ಕೂತು ಎರಡೂ ಕಾಲು ಹೊರಗೆ ಇಳಿಬಿಟ್ಟಿದ್ದರು. ನಲವತ್ತೈದರ ಆಸುಪಾಸು, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಒಂದು ಕೈ ಕಾವಲುಗಾರನ ಹೆಗಲ ಮೇಲೆ.

"ದಿಗು ಅಮ್ಮಾ, ಏಂ ಕಾದು, ನೇನು ಪಟ್ಟುಕುಂಟಾ," ಎನ್ನುತ್ತಿದ್ದ ಅವನು. ಇಳಿಯಮ್ಮಾ, ಏನೂ ಆಗಲ್ಲ, ನಾನು ಹಿಡೀತೀನಿ.

"ಯಪ್ಪಾ, ಕೈ ಬಿಡಬ್ಯಾಡೋ ತಮ್ಮಾ, ಬಿಡಬ್ಯಾಡ," ಎನ್ನುತ್ತಿದ್ದರು ಅವರು. ಅವನಿಗೆ ಕನ್ನಡ ತಿಳಿಯದು.

ನನ್ನ ಬಾಯಿಂದ ಮೊದಲು ಬಂದದ್ದು "ಸ್ಟಾಪ್" ಎಂಬ ಮಾತು. ಯಾರೂ ತಿರುಗಲಿಲ್ಲ. ಆ ಹೊತ್ತಿಗೆ ಮೇಲೆ ಮಷೀನ್ ರೂಮಿಗೆ ಹೋದ ಇನ್ನೊಬ್ಬ ಕಾವಲುಗಾರ, ಕೆಳಗಿನವರಿಗೆ ಹೇಳದೆ, ಲಿಫ್ಟು ಮತ್ತೆ ಚಾಲೂ ಆಗಲೆಂದು ಸ್ವಿಚ್ಚನ್ನು ಆರಿಸಿ ಹಾಕಲು ನಿಂತಿದ್ದನಂತೆ. ಅದು ನನಗೆ ಗೊತ್ತಿರಲಿಲ್ಲ. ಗೋಡೆಗೆ ಅಂಟಿಸಿದ ಮಾತು ಮಾತ್ರ ಗೊತ್ತಿತ್ತು.

"ಇಳೀಬೇಡಿ! ಕಾಲು ಮೇಲೆ ತಗೊಳ್ಳಿ! ಒಳಗೆ, ಒಳಗೆ!"

ಕನ್ನಡ ಕೇಳಿ ಅವರು ನನ್ನ ಕಡೆ ನೋಡಿದರು. ನೋಡಿದರು, ಅಷ್ಟೇ. ಆಮೇಲೆ ಕಾವಲುಗಾರನ ಹೆಗಲು ಬಿಟ್ಟು ಮೊಣಕಾಲುಗಳನ್ನು ಎದೆಗೆ ಎಳೆದುಕೊಂಡರು. ಲಿಫ್ಟು ಒಮ್ಮೆ ನಡುಗಿ ಮೇಲಕ್ಕೆ ಎದ್ದಿತು. ಸಂದು ಮುಚ್ಚಿಹೋಯಿತು. ಅವರ ಕಾಲುಗಳಿದ್ದ ಜಾಗದಲ್ಲಿ ಲಿಫ್ಟಿನ ನೆಲದಡಿಯ ಕಬ್ಬಿಣ ಗೋಡೆಯನ್ನು ಉಜ್ಜಿಕೊಂಡು ಹೋಯಿತು. ಕಾಲು ಎಳೆದುಕೊಳ್ಳುವಾಗ ಜಾರಿದ ಆ ಚಪ್ಪಲಿ ಬಾವಿಯ ತಳ ಮುಟ್ಟಿದ ಸದ್ದು ಆಗ ಕೇಳಿತು.

ಕಾವಲುಗಾರ ಚಾಚಿದ ಕೈಯನ್ನು ಹಾಗೇ ಹಿಡಿದು ನಿಂತಿದ್ದ.

ನಾನು ಮೆಟ್ಟಿಲು ಹತ್ತಿ ಎರಡನೇ ಮಹಡಿಗೆ ಓಡಿದೆ. ಅವರು ಹೊರಗೆ ಬಂದು ಗೋಡೆಗೊರಗಿ ಕೂತಿದ್ದರು. ಒಂದು ಕಾಲು ಬರಿಗಾಲು. ನನ್ನನ್ನು ಕಂಡು ಮೊದಲು ಕೇಳಿದ್ದು ಇದು: "ನನ್ನ ಒಂದು ಕೆರ ಕೆಳಗ ಬಿತ್ರಿ ಅಕ್ಕಾರ. ಸಿಗ್ತದೇನ್ರಿ? ಒಂದ ಕಾಲಾಗಿನ ಕೆರ ಮೆಟ್ಕೊಂಡು ಮನೀಗೆ ಹ್ಯಾಂಗ ಹೋಗ್ಲಿ?"

ಯಾದಗಿರಿ ಕಡೆಯವರು. ಗಂಡ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಇವರು ಆ ಕಟ್ಟಡದ ನಾಲ್ಕು ಮನೆಗಳಲ್ಲಿ ಪಾತ್ರೆ, ನೆಲ ನೋಡಿಕೊಳ್ಳುತ್ತಾರೆ. ಇದೆಲ್ಲ ನನಗೆ ತಿಳಿದದ್ದು ಸಂಘದ ಆಫೀಸಿನಲ್ಲಿ, ಅವರ ಗೇಟ್ ಪಾಸನ್ನು ಕಾರ್ಯದರ್ಶಿ ಡ್ರಾಯರಿನೊಳಗೆ ಹಾಕಿಕೊಂಡ ಮೇಲೆ. ಆ ಪಾಸಿಲ್ಲದೆ ಕೆಲಸದವರು ಗೇಟಿನ ಒಳಗೆ ಕಾಲಿಡುವಂತಿಲ್ಲ.

ಕಾರ್ಯದರ್ಶಿ ವಯಸ್ಸಾದವರು, ಒರಟರಲ್ಲ. ಅವರ ಲೆಕ್ಕ ನೇರವಾಗಿತ್ತು. ಕಂಟ್ರೋಲ್ ರೂಮಿಗೆ ಕರೆ ಬಂದಿಲ್ಲ. ಹಾಗಾದರೆ ಈಕೆ ಗುಂಡಿ ಒತ್ತಿಲ್ಲ. ಗಾಬರಿಬಿದ್ದು ಬಾಗಿಲು ಬಡಿದು, ಕಾವಲುಗಾರನ ಕೆಲಸಕ್ಕೂ ಕುತ್ತು ತಂದಿದ್ದಾಳೆ. ಇಂಥವರನ್ನು ಒಳಗೆ ಬಿಡುವುದು ಹೇಗೆ? ಅವರ ಕೈಯಲ್ಲಿ ನನ್ನ ಸಹಿಯ ಕಾಗದವಿತ್ತು: ದೋಷವಿಲ್ಲ.

ನಾನು ತೆಲುಗಿನಿಂದ ಕನ್ನಡಕ್ಕೆ ಹೇಳಿದೆ. ಆಕೆ ನನ್ನನ್ನೇ ನೋಡಿದರು.

"ಒತ್ತೀನ್ರಿ. ಬೆರಳು ನೋಯೂ ಹಂಗ ಒತ್ತೀನಿ. ಒತ್ತೂದು, ಕಾಯೂದು, ಮತ್ತ ಒತ್ತೂದು. ಗುಂಯ್ ಅಂತಿತ್ತು, ಯಾರೂ ಮಾತಾಡ್ಲಿಲ್ಲ. ಆಮ್ಯಾಲ ಬಾಗಿಲಾ ಬಡದೆ. ಸುಳ್ಳು ಹೇಳಿ ನನಗೇನು ಬರೂದೈತ್ರಿ?"

ಹೊರಗೆ ಬಂದು ನಮ್ಮ ಮ್ಯಾನೇಜರಿಗೆ ಫೋನ್ ಮಾಡಿದೆ. ಅವರು ಬೆಂಗಳೂರಿನವರು. "ಕರೆ ಬಂದಿಲ್ಲ ಅಂತ ಅಷ್ಟೇ ಬರ್ಕೊಟ್ಟು ಬಾ ಮಾರಾಯ್ತಿ," ಎಂದರು. "ಬಂದಿಲ್ಲ ಅನ್ನೋದು ನಿಜ ತಾನೇ? ಒತ್ತಿದ್ಲೋ ಬಿಟ್ಲೋ, ಅದು ನಮಗ್ಯಾಕೆ?"

ಬಂದಿಲ್ಲ ಎನ್ನುವುದು ನಿಜವೇ. ಆ ಒಂದು ಸಾಲಿನಲ್ಲಿ ಸುಳ್ಳೇ ಇರಲಿಲ್ಲ. ಅದಕ್ಕೇ ನನಗೆ ಭಯವಾಯಿತು.

ಕಾವಲುಗಾರನಿಗೆ ನಾಲ್ಕನೇ ಲಿಫ್ಟನ್ನು ಕೆಳಮಹಡಿಯಲ್ಲಿ ನಿಲ್ಲಿಸಿ ಬಾಗಿಲು ಹಿಡಿದುಕೊಳ್ಳಲು ಹೇಳಿ ಒಳಗೆ ಹೋದೆ. ಗೋಡೆ ಜಿಡ್ಡು ಜಿಡ್ಡಾಗಿತ್ತು. ಕೆಂಪು ಗುಂಡಿಯ ಸುತ್ತ ಒದ್ದೆ ಬೆರಳುಗಳ ಗುರುತು. ಒತ್ತಿದೆ. ಗುಂಯ್. ಯಾರೂ ಇಲ್ಲ. ಮತ್ತೆ ಒತ್ತಿದೆ. ಮತ್ತೆ. ನಾಲ್ಕನೇ ಸಲ ಒತ್ತುವಷ್ಟರಲ್ಲಿ ನನಗೆ ಅರ್ಥವಾಗಿತ್ತು. ಎಷ್ಟು ಸಲ ಒತ್ತಿದರೂ ಹೀಗೇ ಆಗುತ್ತದೆ.

ನಾವು ಒಂದು ಲೈನು ಎಂದುಕೊಳ್ಳುವುದು ಆ ಕಂಪನಿಯ ಒಳಗೆ ಹೋದ ಮೇಲೆ ಮತ್ತೆ ಹಲವು ಕವಲಾಗುತ್ತದೆ. ಭಾರ ಹಂಚಲೆಂದೇ ಹಾಗೆ ಮಾಡಿರುತ್ತಾರೆ. ಯಾರ ಮಾತು ಯಾವ ಕವಲಿಗೆ ಎಂಬುದನ್ನು ಅಲ್ಲಿನ ಯಂತ್ರವು, ಕಳಿಸಿದವರ ನೆಟ್‌ವರ್ಕ್ ವಿಳಾಸ ನೋಡಿ, ತೀರ್ಮಾನಿಸುತ್ತದೆ. ಒಬ್ಬರ ಮಾತು ಹಿಂದುಮುಂದಾಗದಿರಲಿ ಎಂದು ಒಂದು ವಿಳಾಸಕ್ಕೆ ಯಾವಾಗಲೂ ಒಂದೇ ಕವಲು. ನನ್ನ ಅಳತೆಯ ಸಂದೇಶದ ಪಾಲಿಗೆ ಒಳ್ಳೆಯ ಕವಲು ಬಂದಿತ್ತು. ಸೆಕೆಂಡಿಗೊಮ್ಮೆ, ದಿನವಿಡೀ, ಅದು ಅದೇ ನುಣುಪಾದ ದಾರಿಯಲ್ಲಿ ಹೋಗಿ ಬಂದು ಎಲ್ಲ ಸರಿಯಿದೆ ಎನ್ನುತ್ತಿತ್ತು. ನಾಲ್ಕನೇ ಲಿಫ್ಟಿನ ಪಾಲಿಗೆ ಕೆಟ್ಟ ಕವಲು. ಒಮ್ಮೆ ಕರೆ ಹೋಗದವರಿಗೆ ಎಂದೂ ಹೋಗುವುದಿಲ್ಲ. ಹೋದವರಿಗೆ ಹೋಗದವರ ಸುದ್ದಿಯೇ ತಿಳಿಯುವುದಿಲ್ಲ. ಇದು ನಾನು ಕಾಲೇಜಿನಲ್ಲಿ ಓದಿದ ಪಾಠ. ಪರೀಕ್ಷೆಯಲ್ಲಿ ಬರೆದಿದ್ದೆ ಕೂಡ.

ನಮ್ಮ ಪೆಟ್ಟಿಗೆಯಲ್ಲಿ ಇನ್ನೊಂದು ಪಟ್ಟಿ ಇರುತ್ತದೆ, ಯಾರೂ ತೆರೆಯದ ಪಟ್ಟಿ: ಪ್ರತಿ ಲಿಫ್ಟು ಎಷ್ಟು ಸಲ ಕರೆಯಲು ಪ್ರಯತ್ನಿಸಿತು ಎಂಬುದು. ತೆರೆದೆ. ನಾಲ್ಕನೆಯದರ ಮುಂದೆ ಅಂದಿನ ಲೆಕ್ಕ ಹದಿಮೂರು. ಕೊನೆಯ ನಾಲ್ಕು ನನ್ನವು. ಒಂಬತ್ತು ಆಕೆಯವು. ಒಂದೊಂದರ ನಡುವೆ ಅರ್ಧ ನಿಮಿಷ, ಮುಕ್ಕಾಲು ನಿಮಿಷ. ಉತ್ತರ ಬರಲಿ ಎಂದು ಆಕೆ ಮರ್ಯಾದೆಯಿಂದ ಕಾದ ಹೊತ್ತು ಅದು.

ಹೊಸ ಕಾಗದ ಬರೆದೆ. ಒಂಬತ್ತು ಸಲ ಗುಂಡಿ ಒತ್ತಲಾಗಿದೆ, ಕರೆ ಮುಟ್ಟಿಲ್ಲ, ತಪ್ಪು ನಮ್ಮದು. ಹಿಂದಿನ ಪರೀಕ್ಷೆಯನ್ನು ಮುಂಬದಿಯ ಹಾಲಿನಲ್ಲಿ ಕೂತು ಮಾಡಲಾಗಿತ್ತು, ಲಿಫ್ಟಿನ ಒಳಗಲ್ಲ. ಒಳಗಿನಿಂದ ನೋಡಿ ಎಂದು ಕಾವಲುಗಾರ ಹೇಳಿದ್ದ. ಕಾರ್ಯದರ್ಶಿ ಅದನ್ನು ಎರಡು ಸಲ ಓದಿದರು. "ಮೀ ಊರಾವಿಡಾ?" ಎಂದು ಕೇಳಿದರು. ನಿಮ್ಮ ಊರಿನವಳಾ?

ಅಲ್ಲ ಎಂದೆ. ಅವರು ಡ್ರಾಯರು ತೆಗೆದು ಪಾಸನ್ನು ಮೇಜಿನ ಮೇಲಿಟ್ಟರು.

ಗೇಟಿನವರೆಗೆ ನಾವಿಬ್ಬರೂ ಒಟ್ಟಿಗೆ ನಡೆದೆವು. ಆಕೆ ಉಳಿದ ಚಪ್ಪಲಿಯನ್ನು ಕೈಯಲ್ಲಿ ಹಿಡಿದಿದ್ದರು.

"ನಾ ಒತ್ತಿದ್ದು ನಿಮ್ಮ ಡಬ್ಬಿಗೆ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ಮತ್ತ ಅದು ಯಾರಿಗೂ ಯಾಕ ಹೇಳ್ಲಿಲ್ಲ?"

"ಯಾರೂ ಕೇಳಿರಲಿಲ್ಲ ಅಮ್ಮ. ನಾನೂ ಕೇಳಲಿಲ್ಲ."

ಅವರು ಚಪ್ಪಲಿಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು. "ಭಾಳ ಛಲೋ ಡಬ್ಬಿ ಇಟ್ಟೀರಿ ಬಿಡ್ರಿ," ಎಂದರು ಆಮೇಲೆ. ಬೈದದ್ದೋ ನಕ್ಕದ್ದೋ ನನಗೆ ತಿಳಿಯಲಿಲ್ಲ.

ಈಗ ಪ್ರತಿ ಲಿಫ್ಟಿನ ಗುಂಡಿಯ ಜಾಗದಿಂದಲೇ, ಅದರ ವಿಳಾಸದಿಂದಲೇ, ಅಳತೆಯ ಸಂದೇಶ ಹೊರಡುತ್ತದೆ. ಒಂದು ಸಲ ಉತ್ತರ ಬಾರದಿದ್ದರೆ ಎರಡನೇ ಸಲ ಕರೆ ಇನ್ನೊಂದು ಲೈನು ಹಿಡಿಯುತ್ತದೆ. ಬೇಗಂಪೇಟೆಯ ಗೋಡೆಯ ಮೇಲಿನ ಮಾತನ್ನು ಕನ್ನಡದಲ್ಲೂ ಬರೆದು ಅಂಟಿಸಿದ್ದೇನೆ. ಇಷ್ಟಾದರೂ ತಿಂಗಳಿಗೊಮ್ಮೆ ನಾನೇ ಹೋಗಿ ಒಳಗೆ ನಿಂತು ಒತ್ತುತ್ತೇನೆ. ಸ್ಟಾಪ್ ಎಂಬ ಮಾತಿಗೂ ಕನ್ನಡದ ಮಾತಿಗೂ ನಡುವೆ ನಾನು ಎಷ್ಟು ಹೊತ್ತು ಕಳೆದೆ ಎಂಬುದನ್ನು ಯಾವ ಪಟ್ಟಿಯಲ್ಲೂ ಹುಡುಕಲಾರೆ.

ಆಕೆ ಅಂದಿನಿಂದ ಮೆಟ್ಟಿಲು ಹತ್ತಿಯೇ ಹೋಗುತ್ತಾರೆ. ಒಂದು ಮನೆ ಒಂಬತ್ತನೇ ಮಹಡಿಯಲ್ಲಿದೆ. ಕಳೆದ ಸಲ ನಾನು ನಾಲ್ಕನೇ ಲಿಫ್ಟಿನೊಳಗೆ ನಿಂತಿದ್ದಾಗ ಬಾಗಿಲ ಹತ್ತಿರ ಬಂದು ಇಣುಕಿದರು. ಹೊಸ ಚಪ್ಪಲಿ, ಹಿಮ್ಮಡಿಗೆ ಪಟ್ಟಿ ಇರುವಂಥದು.

"ಸರೀರಿ, ನಾ ಒತ್ತತೀನಿ," ಎಂದರು.

ಒಂದು ಕಾಲನ್ನು ಹೊರಗೇ ಊರಿ, ಇನ್ನೊಂದನ್ನು ಒಳಗಿಟ್ಟು, ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದು, ಕೈ ಚಾಚಿ ಗುಂಡಿ ಒತ್ತಿದರು. ಗುಂಯ್ ಎಂದಿತು. ಬೇಗಂಪೇಟೆಯಿಂದ ನಮ್ಮ ಹುಡುಗಿಯ ದನಿ ಬಂತು: "ಹಲೋ, ಚೆಪ್ಪಂಡಿ, ಲೋಪಲೇ ಉಂಡಂಡಿ." ಹೇಳಿ, ಒಳಗೇ ಇರಿ ಎಂದು.

ಆಕೆ ಗುಂಡಿಯ ಹತ್ತಿರ ಮುಖ ತಂದು, ದೂರದವರಿಗೆ ಕೇಳಲಿ ಎಂಬಂತೆ ಜೋರಾಗಿ ಹೇಳಿದರು:

"ಏನಿಲ್ರಿ ಯವ್ವಾ. ಇದ್ದೀರೋ ಇಲ್ಲೋ ನೋಡಿದೆ."

ಕಾಲು ಹೊರಗೆ ತೆಗೆದುಕೊಂಡು, ಮೆಟ್ಟಿಲಿನ ಕಡೆ ಹೋದರು.